ಅವನಿಗಿಂತ ಕಡಿಮೆಗೆ

ಅನುವಾದ ಕಚೇರಿಯ ಯಜಮಾನ ಅವಳ ದರವನ್ನು ಮೂರು ಸಲ ಇಳಿಸಿದ. ಮೂರು ಸಲವೂ ಕಾರಣ ಒಂದೇ: “ಅವನು ನಿನಗಿಂತ ಕಡಿಮೆಗೆ ಮಾಡ್ತಾನಂತಮ್ಮ.”

ಆ ‘ಅವನು’ ಇವತ್ತು ಅವಳ ಎದುರಿನ ಕುರ್ಚಿಯಲ್ಲಿ ಕೂತಿದ್ದ!

ವರ್ಷದ ಮೇಲೆ ನೋಡುತ್ತಿದ್ದಾಳೆ. ಕೆನ್ನೆ ಇಳಿದಿದೆ... ಕಾಲರಿನ ಅಂಚು ಸವೆದಿದೆ... ನೋಡಬಾರದು ಅಂದುಕೊಂಡಳು. ನೋಡಿದಳು.

ಹಿಂದೆ ಈ ಮೇಜಿನಲ್ಲಿ ಅವರಿಬ್ಬರೂ ಜೋಡಿ. ಅವನು ಇಂಗ್ಲಿಷ್ ಮೂಲವನ್ನು ಗಟ್ಟಿಯಾಗಿ ಓದುವುದು, ಅವಳು ತನ್ನ ಇಟಾಲಿಯನ್ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡುವುದು. ಕಚೇರಿಯವರೆಲ್ಲ ಅವನನ್ನು ‘ಗಂಟೆ’ ಎಂದೇ ಕರೆಯುತ್ತಿದ್ದರು. ಅಂಥ ಕಂಠ! ಒಣ ಕರಾರುಪತ್ರವನ್ನು ಓದಿದರೂ ಅವಳ ಬೆರಳು ಸಾಲು ತಪ್ಪುತ್ತಿತ್ತು. ಮದುವೆಯ ಮಾತೂ ಆಗಿತ್ತು.

ಆಮೇಲೆ ಯಜಮಾನ ಜೋಡಿ ಓದು ನಿಲ್ಲಿಸಿ, ಕೆಲಸವನ್ನು ಮನೆಗೇ ಕಳಿಸತೊಡಗಿದ. ದರ ಇಳಿಯಿತು. ‘ನನ್ನ ಅನ್ನಕ್ಕೇ ಕೈ ಹಾಕಿದನಲ್ಲ!’ ಎಂದು ಅವಳು ಅವನ ನಂಬರನ್ನು ಬ್ಲಾಕ್ ಮಾಡಿದಳು.

ಇವತ್ತಿನದು ನ್ಯಾಯಾಲಯಕ್ಕೆ ಹೋಗುವ ಕಾಗದ. ಇಬ್ಬರು ಓದಿ, ಇಬ್ಬರೂ ಸಹಿ ಹಾಕಲೇಬೇಕೆಂದು ಗಿರಾಕಿ ಹಟ ಹಿಡಿದಿದ್ದ. ಅದಕ್ಕೇ ಯಜಮಾನ ಇಬ್ಬರನ್ನೂ ಕರೆಸಿದ್ದ.

“ಶುರು ಮಾಡ್ತೀರಾ?” ಎಂದಳು.

‘ನೀನು’ ಹೋಗಿ ‘ನೀವು’ ಬಂದದ್ದು ಅವನಿಗೆ ತಾಗಿತು. ಬಾಯಿ ತೆರೆದ.

ಬಂದದ್ದು ಗಂಟೆಯ ನಾದವಲ್ಲ. ಜಲ್ಲಿಯ ಮೇಲೆ ತಗಡಿನ ಡಬ್ಬ ಎಳೆದ ಸದ್ದು!

ಅವಳ ಬೆರಳು ನಿಂತೇಬಿಟ್ಟಿತು. “ಗಂಟಲಿಗೆ... ಏನಾಯ್ತು?”

“ಏನಿಲ್ಲ. ಓದೋಣ.”

ಕಾಗದದ ತುಂಬ ಬೆಲೆ ಮುರಿಯುವ ಮಾತು. ಪಕ್ಕದವನಿಗಿಂತ ಕಡಿಮೆಗೆ ಮಾರಿ ಅವನ ಅಂಗಡಿಯನ್ನೇ ಮುಚ್ಚಿಸುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ಅಂಡರ್‌ಕಟ್’ ಎಂಬ ಪುಟ್ಟ ಪದ. ಅವಳು ಬರೆದದ್ದು ‘ಸೊತ್ತೊಕೋಸ್ತೊ’.

ಅವನು ತಡೆದ. “ಇದು ಅಸಲಿಗಿಂತ ಕಡಿಮೆ ಅಂತಾಗುತ್ತೆ. ಅಲ್ಲಿರೋದು ಎದುರಾಳಿಗಿಂತ ಕಡಿಮೆ ಅಂತ. ಅಸಲು ಕಳ್ಕೊಳ್ದೇನೂ ಹಾಗೆ ಮಾರಬಹುದಲ್ಲ?”

“ಅದಕ್ಕೆ ಒಂದೇ ಪದ ಸಿಗ್ತಿಲ್ಲ. ‘ಎದುರಾಳಿಗಳ ಬೆಲೆಗಿಂತ ಕಡಿಮೆಗೆ ಮಾರುವುದು’ ಅಂತ ಉದ್ದಕ್ಕೆ ಬರೀಬೇಕು.”

“ಉದ್ದಾನೇ ಬರಿ. ಯಾರ ಹೊಟ್ಟೆ ಮೇಲೆ ಹೊಡೆದ್ರು ಅಂತ ಗೊತ್ತಾಗ್ಲಿ.”

“ನಿಮಗೆ ಚೆನ್ನಾಗಿ ಗೊತ್ತಿರಬೇಕಲ್ಲ, ಆ ಕೆಲಸ!”

ಅವನು ತಲೆ ಎತ್ತಿದ. “ನಂಗಾ?”

“ಮೂರು ಸಲ ನನಗಿಂತ ಕಡಿಮೆ ದರ ಹೇಳಿದ್ದು ಮತ್ಯಾರು? ನಿಮ್ಮ ದೆವ್ವಾನಾ?”

“ನಾನು ಈ ಹೊಸ್ತಿಲು ತುಳಿದೇ ವರ್ಷ ಆಯ್ತು ಕಣೇ!”

ಅವಳು ಪೆನ್ನು ಕೆಳಗಿಟ್ಟಳು.

“ನೀನು ಕಡಿಮೆಗೆ ಒಪ್ಕೊಂಡೆ ಅಂದ್ರು ಯಜಮಾನ್ರು. ನಿಮ್ಮಮ್ಮನ ಔಷಧಿಗೆ ಕಷ್ಟ ಆಗಿರಬೇಕು ಅನ್ಕೊಂಡೆ. ನಿನ್ನ ಜೊತೆ ಪೈಪೋಟಿ ಬೇಡ ಅಂತ ಕೆಲಸಾನೇ ಬಿಟ್ಟೆ.” ಉಸಿರು ಎಳೆದುಕೊಂಡ. “ಈಗ ಸೋದರಮಾವನ ತರಕಾರಿ ಅಂಗಡಿ ಮುಂದೆ ನಿಂತು ಬೆಲೆ ಕೂಗ್ತೀನಿ. ಪಕ್ಕದವನು ಹತ್ತು ಅಂದ್ರೆ ನಾನು ಒಂಬತ್ತು... ದಿನವಿಡೀ. ಗಂಟಲಲ್ಲಿ ಗಂಟಾಗಿದೆಯಂತೆ. ಮಾತೇ ಆಡಬಾರದು ಅಂತಾರೆ ಡಾಕ್ಟರು.”

ಅವಳಿಗಾಗಿ ಅವನು ಬಿಟ್ಟ ಕೆಲಸ ಅವಳಿಗೆ ಒಂದು ತುತ್ತನ್ನೂ ಹೆಚ್ಚು ಕೊಟ್ಟಿರಲಿಲ್ಲ! ಇಲ್ಲದವನ ಹೆಸರನ್ನೇ ಕತ್ತಿ ಮಾಡಿಕೊಂಡು ಯಜಮಾನ ಅವಳ ಕೂಲಿ ಕೊಯ್ದಿದ್ದ. ಇಬ್ಬರು ಬಡವರ ಪ್ರೀತಿಯೂ ಇಂಥವರಿಗೆ ಲಾಭದ ಬಾಬತ್ತು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ಫೋನ್ ಮಾಡ್ದೆ... ಹೋಗ್ಲಿಲ್ಲ. ನಿಮ್ಮನೆ ಗೇಟಿನ ತನಕ ಬಂದೆ. ಏನಂತ ಕೇಳೋದು ಅಂತ ತಿರುಗಿ ಹೋದೆ.”

ಹೋಗದ ಆ ಕರೆಯನ್ನು ತಡೆದದ್ದು ತನ್ನ ಬೆರಳೇ... ಅವಳು ತುಟಿ ಕಚ್ಚಿದಳು. ಉದ್ದ ಸಾಲು ಬರೆದಳು. ಇಬ್ಬರೂ ಸಹಿ ಹಾಕಿದರು.

ಯಜಮಾನ ಬಾಗಿಲಲ್ಲಿ ಇಣುಕಿದ. “ಮುಗೀತಾ? ಇನ್ನೂ ದೊಡ್ಡ ಕೆಲಸ ಬಂದಿದೆ. ಇಬ್ಬರೂ ದರ ಹೇಳಿ, ಕಡಿಮೆ ಹೇಳಿದವರಿಗೆ ಕೊಡ್ತೀನಿ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು. “ಹೇಳಲ್ಲ.”

“ನೀನು ಬಿಟ್ರೆ ಅವನು ಹೇಳ್ತಾನೆ ಬಿಡಮ್ಮ.”

“ಅವನನ್ನೇ ಕೇಳಿ ಸಾರ್. ಈ ಸಲ ಎದುರಿಗೇ ಇದ್ದಾನಲ್ಲ!”

ಅವನು ಇಲ್ಲವೆಂದು ತಲೆಯಾಡಿಸಿದ. ಯಜಮಾನನ ಮುಖ ಕಪ್ಪಿಟ್ಟಿತು. “ಬೀದಿಗೆ ಬೀಳ್ತೀರಿ, ಇಬ್ರೂ!”

ಅದು ಬರೀ ಬೆದರಿಕೆಯಲ್ಲ. ನಾಳೆಗೆ ಅವಳಿಗೆ ಕೆಲಸವಿರಲಿಲ್ಲ.

ಮೆಟ್ಟಿಲಿಳಿಯುವಾಗ ಅವಳು ನಿಂತಳು. ಕಣ್ಣೀರು ತಡೆಯಲಾಗಲಿಲ್ಲ. “ಆ ಧ್ವನಿ... ಇನ್ನು ವಾಪಸ್ ಬರಲ್ವಾ?”

“ಇಲ್ಲ ಅಂತಾರೆ.”

ಅವಳು ಬಿಕ್ಕಿದಳು. ಅವನು ಹತ್ತಿರ ಬಂದ. “ಇದ್ದಿದ್ರಲ್ಲೇ ಹೇಳ್ತೀನಿ. ನೀನಂದ್ರೆ ನಂಗೆ ಈಗ್ಲೂ...” ಕೆಮ್ಮು ನುಗ್ಗಿ ಬಂತು.

ಅವಳು ಅವನ ಬಾಯಿಗೆ ಅಂಗೈ ಅಡ್ಡ ಹಿಡಿದಳು. “ಸಾಕು ಕಣೋ. ಡಾಕ್ಟರು ಬೇಡ ಅಂದಿದ್ದಾರೆ. ಸುಮ್ನಿರು.”

ಅವನು ಆ ಕೈಯನ್ನು ಮೆಲ್ಲಗೆ ಸರಿಸಿ, ತನ್ನ ಕೈಯಲ್ಲೇ ಇಟ್ಟುಕೊಂಡ.

“ಇರಲ್ಲ. ಸುಮ್ನಿದ್ದಿದ್ದಕ್ಕೇ ಇಷ್ಟೆಲ್ಲ ಆಯ್ತು. ಹೇಳ್ತೀನಿ, ಕೇಳು.”