ಮುಟ್ಟದ ಕನ್ನಡಿ

ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಹೊತ್ತಿಗೇ ನನಗೆ ಸಿಟ್ಟು ನೆತ್ತಿಗೇರಿತ್ತು. ಬಂದದ್ದು ಲೋಕಿಕೆರೆ ಶಾಲೆಯ ವಿಜ್ಞಾನದ ಟೀಚರ್ ಆಗಿ, ಬೇರೇನೂ ಅಲ್ಲ. ದಾವಣಗೆರೆಯ ಕಾಲೇಜಿನ ಖಗೋಳ ಕ್ಲಬ್ಬಿನಲ್ಲಿ ಕಾಂತರಾಜ್ ಮತ್ತು ನಾನು ಸೇರಿ ಮಾಡಿದ್ದ ಎಂಟಿಂಚು ಕನ್ನಡಿಯ ಟೆಲಿಸ್ಕೋಪ್ ಅವನ ಲೇತ್ ವರ್ಕ್‌ಶಾಪಿನಲ್ಲಿತ್ತು. ಚೆನ್ನಾಗಿದ್ದರೆ ಶಾಲೆಗೆ ಒಯ್ಯುವುದು, ಕೆಟ್ಟಿದ್ದರೆ ಅಲ್ಲೇ ಬಿಡುವುದು. ಹೇಗಿದ್ದರೂ ಇವತ್ತಿಗೆ ಅವನ ಕಥೆ ಮುಗಿಯಬೇಕಿತ್ತು.

"ಬರ್ರಿ ಮೇಡಂ, ಕೂಡ್ರಿ." ವರ್ಕ್‌ಶಾಪಿನ ಬಾಗಿಲಲ್ಲೇ ಕಾಂತರಾಜ್ ಸ್ಟೂಲ್ ಎಳೆದ.

ಮೇಡಂ ಅಂತೆ! ಮೂರು ತಿಂಗಳು ಎದುರುಬದುರು ನಿಂತು ಆ ಕನ್ನಡಿಗಾಗಿ ಒಂದೇ ಗಾಜನ್ನು ಉಜ್ಜಿದವರು ನಾವು.

"ಕೂಡೋಕೆ ಬಂದಿಲ್ಲ. ಟೆಲಿಸ್ಕೋಪ್ ಎಲ್ಲೈತೆ? ಚೆನ್ನಾಗಿದ್ರೆ ಶಾಲೆಗೆ ಒಯ್ತೀನಿ."

ಲೇತ್ ಮತ್ತು ಡ್ರಿಲ್ಲಿಂಗ್ ಮಶಿನ್ನಿನ ನಡುವೆ ನಿಂತಿತ್ತು. ಮೈತುಂಬಾ ವಿಭೂತಿ, ಕುಂಕುಮ.

"ಇದಕ್ಕೂ ಆಯುಧ ಪೂಜೆನಾ?"

"ಅವ್ವ ಬಿಡಬೇಕಲ್ಲ. ಇದೂ ಮಶಿನ್ನೇ ಅಲ್ವಾ ಅಂತಾಳೆ."

ಮೀಸೆಯಡಿ ಅದೇ ನಗು. ಆರು ವರ್ಷದಲ್ಲಿ ಅದಾದರೂ ಬದಲಾಗಬಾರದಿತ್ತೇ?

ಕಣ್ಣಿಡುವ ಕೊಳವೆ ತಿರುಗಿಸಿದೆ, ಬೆಣ್ಣೆಯಂತೆ ಸರಿಯಿತು. ಸ್ಟ್ಯಾಂಡ್ ಅಲ್ಲಾಡಿಸಿದೆ, ಅಲುಗಲಿಲ್ಲ. ಒಂದು ಸ್ಕ್ರೂಗೂ ತುಕ್ಕಿಲ್ಲ. ಅದಕ್ಕೂ ಸಿಟ್ಟು ಬಂತು. ಟ್ಯೂಬಿನೊಳಗೆ ಟಾರ್ಚ್ ಬೆಳಕು ಬಿಟ್ಟೆ. ತಳದ ಕನ್ನಡಿಯೇ ಕಾಣಲಿಲ್ಲ. ಧೂಳು, ಜೇಡರ ಬಲೆ, ಮೇಲೊಂದು ಒಣಗಿದ ಚೆಂಡುಹೂವು.

"ಕಾಂತು, ಮನುಷ್ಯನಾ ನೀನು? ಸ್ಕ್ರೂಗೆಲ್ಲಾ ಎಣ್ಣೆ ಹಾಕ್ತೀಯ, ಕನ್ನಡಿ ಮಾತ್ರ ಹಾಳಾಗ್ಲಿ ಅಂತ ಬಿಟ್ಯಾ?"

ಅವನು ಟ್ಯೂಬನ್ನು ತಿರುಗಿಸಿದ. ಹಳದಿಯಾದ ಸೆಲ್ಲೋ ಟೇಪಿನಡಿ ನನ್ನದೇ ಅಕ್ಷರ: 'ಕನ್ನಡಿ ಮುಟ್ಟಬೇಡ. ನಾನೇ ಬಂದು ತೊಳೆಯುತ್ತೇನೆ.'

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅದನ್ನು ಅಂಟಿಸಿದ್ದೆ. ಅವತ್ತೇ ಸಂಜೆ ಅವನ ಮನೆಗೆ ನೆಂಟರು ಬಂದಿದ್ದರು. ಅವರೆದುರು ಇವಳ್ಯಾರೆಂದು ಅವನವ್ವ ಕೇಳಿದಾಗ, "ನಮ್ ಕ್ಲಬ್ಬಿನೋಳು" ಎಂದುಬಿಟ್ಟ. ನಾನಾಗೇ ಮಾಡುವ ತನಕ ಫೋನ್ ಮಾಡಬೇಡ ಎಂದು ಹೇಳಿ ಹೊರಟಿದ್ದೆ. ಮಾಡಲಿಲ್ಲ, ಅವನು. ಮಾಡಬೇಕಿದ್ದವಳು ನಾನು.

"ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ಐತಾ?" ನನ್ನ ದನಿ ಇನ್ನೂ ಜೋರಾಗಿತ್ತು.

"ಎರಡು ಕ್ಯಾನ್."

ಕನ್ನಡಿ ಬಿಚ್ಚಿ ಟಬ್ಬಿನಲ್ಲಿಟ್ಟು ನೀರು ಸುರಿದೆ. ಧೂಳು ಹರಿದು ಹೋಯಿತು. ಅಂಚಿನ ಕೋಟಿಂಗಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು; ಹೂವಿದ್ದಲ್ಲಿ ಉಂಗುರದಂಥ ಕಲೆ.

"ಹೋಯ್ತಾ?"

"ಗಾಜಿಗೇನೂ ಆಗಿಲ್ಲ. ಚಂದ್ರ, ಶನಿ ಉಂಗುರ, ಎಲ್ಲಾ ಕಾಣ್ತೈತೆ."

"ಹಂಗಾದ್ರೆ ಒಯ್ತೀಯ." ಅವನ ಮುಖ ಸಣ್ಣದಾಯಿತು.

"ಯಾರೋ ಅದು ಬಂದಿರೋದು?" ಒಳಗಿಂದ ಅವನವ್ವ ಕೊಟ್ರವ್ವ ಕೂಗಿದರು.

ಕಾಂತು ನನ್ನನ್ನೇ ನೋಡುತ್ತಾ ಕೂಗಿ ಹೇಳಿದ. "ಮದುವಿ ಅಂತಾದ್ರೆ ಅವಳನ್ನೇ ಅಂತಿದ್ನಲ್ಲವ್ವ, ಅವಳು!"

ಒಳಗೆ ಪಾತ್ರೆಗಳ ಸದ್ದು ನಿಂತಿತು.

"ಇದನ್ನ ಆವತ್ತು ಹೇಳೋಕೆ ಏನಾಗಿತ್ತೋ ನಿನಗೆ!" ಎಂದು ಕಿರುಚಿದೆ. ಒದ್ದೆ ಕನ್ನಡಿ ಕೈಯಲ್ಲಿ ಜಾರಿತು. ಅವನು ಕೈ ಚಾಚಿದವನು ಹಾಗೇ ನಿಂತ.

"ಮುಟ್ಲಾ?"

"ಅಂಚು ಹಿಡಿಯೋ ಪುಣ್ಯಾತ್ಮ! ಎರಡೂ ಕೈಲಿ!"

ಹಿಡಿದ. ಅವನ ಬೆರಳು ನನ್ನ ಬೆರಳಿಗೆ ತಗುಲಿತು. ನಾನು ತೆಗೆಯಲಿಲ್ಲ.

"ಒಯ್ತೀನಿ," ಎಂದೆ. "ಎಣ್ಣೆ ಹಾಕೋಕೆ ತಿಂಗಳಿಗೊಂದ್ಸಲ ನೀನೂ ಲೋಕಿಕೆರೆಗೆ ಬರಬೇಕು. ಫೋನ್ ಮಾಡಿ ಬಾ."

ನಮ್ಮಿಬ್ಬರ ನಡುವೆ ನೀರು ತೊಟ್ಟಿಕ್ಕುತ್ತಿತ್ತು. ಕನ್ನಡಿಯಲ್ಲಿ ಇಬ್ಬರ ಮುಖಗಳೂ ಇರುವುದಕ್ಕಿಂತ ದೊಡ್ಡದಾಗಿ ಕಂಡವು. ಅವನದು ನಗುತ್ತಿತ್ತು. ನನ್ನದಿನ್ನೂ ಸಿಟ್ಟಿನಲ್ಲೇ ಇತ್ತು.