ಎಡಕ್ಕೆ ತಿರುಗಿದ ದೋಣಿ

1986ರ ಅಕ್ಟೋಬರ್ 14, ಮಂಗಳವಾರ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಕಾರಿಗ್‌ಮೋರ್ ಪೊಲೀಸ್ ಠಾಣೆಗೆ ಬಂದ ಹೆಂಗಸು ಒದ್ದೆ ಕೊಡೆಯನ್ನು ಮೂಲೆಗೆ ಒರಗಿಸಿ, ಊರಿನ ಸಭಾಭವನದಲ್ಲಿ ತೂಗುಹಾಕಿರುವ ಚಿತ್ರ ನಕಲಿ ಎಂದು ದೂರು ಕೊಟ್ಟಳು. ಹೆಸರು ಇಸೋಲ್ಡ್ ಪ್ರೆಂಡರ್ಗಾಸ್ಟ್, ಡಬ್ಲಿನ್ನಿನ ಒಂದು ಚಿತ್ರಶಾಲೆಯ ಅಧಿಕಾರಿ. ನಮ್ಮ ಕಡಲತೀರವನ್ನು ನೂರು ವರ್ಷಗಳಿಂದ ಯಾರು ಯಾರು ಹೇಗೆ ಹೇಗೆ ಬರೆದರು ಎಂದು ತೋರಿಸುವ ದೊಡ್ಡ ಪ್ರದರ್ಶನವೊಂದು ನವೆಂಬರಿನಲ್ಲಿ ಇತ್ತು. ಅದಕ್ಕಾಗಿ ನಮ್ಮೂರ ಚಿತ್ರವನ್ನು ಒಯ್ಯಲು ಅವಳು ಬಂದಿದ್ದಳು.

"ನಕಲಿ ಅಂತ ಹೇಗೆ ಗೊತ್ತಾಯ್ತು?" ಎಂದು ಸಾರ್ಜೆಂಟ್ ಮಕ್ದಾರಾ ಫೋಲನ್ ಕೇಳಿದ.

"ಬಣ್ಣ ದಪ್ಪ ಇರೋ ಕಡೆ ಸೂಜಿ ಚುಚ್ಚಿ ನೋಡಿದೆ. ಒಳಗೆ ಇನ್ನೂ ಮೆತ್ತಗಿದೆ. ಐವತ್ತು ವರ್ಷದ ಬಣ್ಣ ಕಲ್ಲಾಗಿರಬೇಕಿತ್ತು."

"ಬೇರೆ?"

ಅವಳು ಅಸಲಿ ಚಿತ್ರದ ಹಳೆಯ ಕಪ್ಪು ಬಿಳುಪು ಫೋಟೊ ಒಂದನ್ನು ಮೇಜಿನ ಮೇಲಿಟ್ಟಳು. ಅಂಗೈಯಗಲದ ಫೋಟೊ, ಮುಖಗಳೆಲ್ಲ ಮಸಿ ಮಸಿ. "ದೋಣಿ ನೋಡಿ. ಇದರಲ್ಲಿ ಎಡಕ್ಕೆ ತಿರುಗ್ತಾ ಇದೆ. ಭವನದಲ್ಲಿ ಇರೋದ್ರಲ್ಲಿ ಬಲಕ್ಕೆ. ಕದ್ದವನು ನಕಲನ್ನಾದ್ರೂ ಸರಿಯಾಗಿ ಮಾಡಬೇಡ್ವಾ?"

ಫೋಲನ್ ಆ ಫೋಟೊವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅವನೂ ಕಡಲತೀರದವನೇ, ಪಕ್ಕದ ಕೊಲ್ಲಿಯವನು. ಕಾರಿಗ್‌ಮೋರಿಗೆ ಬಂದು ಎರಡು ವರ್ಷವಾಗಿತ್ತು. ಊರಿನವರ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯ ಮಾತು.

"ಕೀಲಿ ಯಾರ ಹತ್ರ ಇರತ್ತೆ?" ಎಂದು ಪೇದೆ ಡಿಂಪ್ನಾ ಟೂಹಿ ಕೇಳಿದಳು.

"ಕೋಲ್ಮನ್ ಗೀಗನ್ ಅಂತೆ, ಭವನದ ಕಾವಲುಗಾರ. ನಮ್ಮ ದೂರು ಸದ್ಯಕ್ಕೆ ಅವನ ಮೇಲೇ," ಎಂದು ಅಧಿಕಾರಿಣಿ ಸಹಿ ಹಾಕಿದಳು.

ಅದೇ ಮಧ್ಯಾಹ್ನ ಭವನದಲ್ಲಿ ಇಬ್ಬರು ಸಾಕ್ಷಿಗಳ ಮುಂದೆ ಮಹಜರು ನಡೆಯಿತು. ಚಿತ್ರವನ್ನು 1936ರ ಬೇಸಿಗೆಯಲ್ಲಿ ಬರೆದವನು ಎಡ್ಮಂಡ್ ಹಾರ್ಗ್ರೇವ್. ಬರೆದು ಊರಿಗೇ ಬಿಟ್ಟುಹೋಗಿದ್ದ. ಟಾರು ಬಳಿದ ಕಪ್ಪು ದೋಣಿ ದಡ ಬಿಡುತ್ತಿದೆ. ಮೂವರು ಹುಟ್ಟು ಹಾಕುತ್ತಿದ್ದಾರೆ, ಹಿಂತುದಿಯಲ್ಲಿ ಒಬ್ಬ ನಿಂತು ಉದ್ದನೆಯ ಹುಟ್ಟಿನಿಂದ ದೋಣಿಯನ್ನು ತಿರುಗಿಸುತ್ತಿದ್ದಾನೆ. ದಡದಲ್ಲಿ ಕೆಂಪು ಲಂಗದ ಹೆಂಗಸೊಬ್ಬಳು. ನಮ್ಮ ತೀರಕ್ಕೆ ಬಂದ ಚಿತ್ರಕಾರರಿಗೆಲ್ಲ ಇದೊಂದು ಗೀಳು. ಕೆಂಪು ಲಂಗವಿಲ್ಲದೆ ಅವರಿಗೆ ಹೆಂಗಸು ಕಾಣುವುದಿಲ್ಲ, ಹುಲ್ಲಿನ ಸೂರಿಲ್ಲದೆ ಮನೆ ಕಾಣುವುದಿಲ್ಲ. ಈಗಿನವರಂತೂ ಕಣ್ಣೆದುರಿನ ವಿದ್ಯುತ್ ಕಂಬವನ್ನೂ ಟ್ರ್ಯಾಕ್ಟರನ್ನೂ ನುಂಗಿ ನೀರು ಕುಡಿದು, ಇಲ್ಲದ ಕತ್ತೆಯೊಂದನ್ನು ತಂದು ನಿಲ್ಲಿಸುತ್ತಾರೆ. ಹಾರ್ಗ್ರೇವ್ ಕತ್ತೆಯ ತಂಟೆಗೆ ಹೋಗಿರಲಿಲ್ಲ. ಅಷ್ಟು ಮರ್ಯಾದೆ ಅವನಿಗೆ ಸಲ್ಲಬೇಕು.

ಡಿಂಪ್ನಾ ಫೋಟೊವನ್ನೂ ಗೋಡೆಯ ಚಿತ್ರವನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿದಳು. "ದ್ವೀಪ ಇದ್ದಲ್ಲೇ ಇದೆ, ದೋಣಿ ಕಟ್ಟೋ ಕಟ್ಟೆ ಇದ್ದಲ್ಲೇ ಇದೆ. ದೋಣಿ ಮಾತ್ರ ತಿರುಗಿದೆ. ಇಷ್ಟು ಚೆನ್ನಾಗಿ ಬರೆಯೋನು ಇಷ್ಟು ದೊಡ್ಡ ತಪ್ಪು ಮಾಡ್ತಾನಾ ಸಾರ್?"

"ತಪ್ಪಲ್ಲ ಅದು."

"ಮತ್ತೆ?"

"ನಿಮ್ಮೂರಲ್ಲಿ ನೀರು ಅಂದ್ರೆ ಚಹಾದ ಕೆಟಲಲ್ಲಿ ಇರೋದೇ ತಾನೆ. ನಿಂಗೆ ಗೊತ್ತಿರಲ್ಲ," ಎಂದು ಫೋಲನ್ ನಕ್ಕ. ಡಿಂಪ್ನಾ ಕಡಲೇ ಕಾಣದ ನಡುನಾಡಿನವಳು. "ದಡ ಬಿಟ್ಟ ದೋಣೀನ ಮೊದಲು ಬಲಕ್ಕೆ ತಿರುಗಿಸಬೇಕು, ಸೂರ್ಯ ಹೋಗೋ ಕಡೆಗೆ. ಎಡಕ್ಕೆ ತಿರುಗಿಸಿದ್ರೆ ಕೇಡು. ನಮ್ಮಪ್ಪ ಒಂದ್ಸಲ ಎಡಕ್ಕೆ ವಾಲಿದ ದೋಣೀನ ದಡಕ್ಕೆ ವಾಪಸ್ ತಂದು, ಇಳಿದು, ಮತ್ತೆ ಹತ್ತಿ ಹೊರಟಿದ್ದ. ಹಾರ್ಗ್ರೇವನಿಗೆ ಇದೆಲ್ಲ ಯಾರು ಹೇಳ್ತಾರೆ? ಬೆಳಕು ಎಲ್ಲಿ ಚೆನ್ನಾಗಿ ಬೀಳತ್ತೋ ಹಾಗೆ ಬರೆದ. ನಕಲು ಮಾಡಿದವರು ಅದನ್ನ ತಿದ್ದಿದ್ದಾರೆ."

"ಅಂದ್ರೆ ಕಳ್ಳ ಊರಿನವನೇ."

"ಅದೇ ನಂಗೆ ಬೇಡವಾಗಿತ್ತು," ಎಂದ ಫೋಲನ್.

ಕೋಲ್ಮನ್ ಗೀಗನ್‌ನನ್ನು ಠಾಣೆಗೆ ಕರೆಸಿದರು. ಟೋಪಿಯನ್ನು ಮಡಿಲಲ್ಲಿ ಹಿಂಡುತ್ತಾ ಕುಳಿತ.

"ಚಿತ್ರ ಬದಲಾಗಿರೋದು ನೋಡಿದ್ದೀಯಾ?"

"ಇಲ್ಲ."

"ದಿನಾ ಅದರ ಕೆಳಗೇ ಗುಡಿಸ್ತೀಯ."

"ಗುಡಿಸೋನು ನೆಲ ನೋಡ್ತಾನೆ ಸಾರ್ಜೆಂಟ್ರೇ, ಗೋಡೆ ಅಲ್ಲ."

"ಅದನ್ನ ಕೊನೇ ಸಲ ಯಾವಾಗ ಇಳಿಸಿದ್ದು?"

ಅವನು ಬಾಗಿಲ ಕಡೆ ನೋಡಿದ. "ಈಸ್ಟರ್‌ಗೆ, ಸುಣ್ಣ ಹೊಡೆಯೋವಾಗ. ಕೆಲವು ವಾರ ರಂಗದ ಹಿಂದೆ ಗೋಣಿ ಮುಚ್ಚಿ ಇಟ್ಟಿದ್ವಿ."

"ಅಲ್ಲಿಗೆ ಯಾರು ಯಾರು ಬರ್ತಿದ್ರು?"

"ಎಲ್ಲರೂ. ಯಾರೂ ಇಲ್ಲ. ನಂಗೆ ನೆನಪಿಲ್ಲ. ಬೇಕಾದ್ರೆ ನನ್ನೇ ಒಳಗೆ ಹಾಕಿ."

ಫೋಲನ್ ಅವನನ್ನು ಕಳುಹಿಸಿದ. ಹೆದರಿದವನು ತನ್ನ ತಲೆ ಉಳಿಸಿಕೊಳ್ಳಲು ಇನ್ನೊಬ್ಬನ ಹೆಸರು ಹೇಳುತ್ತಾನೆ. ಇವನು ಹೆಸರು ಹೇಳುವುದಕ್ಕೇ ಹೆದರಿದ್ದ.

ಬುಧವಾರ ಬೇಸಿಗೆ ಚಿತ್ರಶಿಬಿರ ನಡೆಸುವ ಜರ್ವಿಸ್ ಎಂಬ ಇಂಗ್ಲಿಷಿನವನ ಮನೆ ಶೋಧಿಸಿದರು. ಸಿಕ್ಕಿದ್ದು ಎಪ್ಪತ್ತು ಚಿತ್ರ, ಎಲ್ಲದರಲ್ಲೂ ಅದೇ ಬೆಟ್ಟ, ಅದೇ ಕತ್ತೆ. ಕಡಲಿಗಿಳಿದ ದೋಣಿಯ ಚಿತ್ರ ಮೂರಿದ್ದವು, ಮೂರೂ ಎಡಕ್ಕೆ ತಿರುಗಿದ್ದವು. "ಇವನಲ್ಲ," ಎಂದು ಫೋಲನ್ ಹೊರಬಂದ.

ಆಮೇಲೆ ಮನೆ ಮನೆ ವಿಚಾರಣೆ. ಅಂಚೆ ಕಚೇರಿಯವಳು, ಅಂಗಡಿಯವನು, ಪಾದ್ರಿಯ ಅಡುಗೆಯವಳು, ಎಲ್ಲರದ್ದೂ ಒಂದೇ ರಾಗ: ಅದೇ ಚಿತ್ರ ಅಲ್ವಾ, ಮೊದಲಿಂದ ಹಾಗೇ ಇತ್ತಲ್ಲ. ಅರ್ಧ ಶತಮಾನ ನೋಡಿದ ಚಿತ್ರದಲ್ಲಿ ದೋಣಿ ಗಿರಕಿ ಹೊಡೆದಿದ್ದು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಪೊಲೀಸರು ಪಬ್ಬಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಬೀದಿಗಿಳಿದರೆ ಕಿಟಕಿಯ ಪರದೆ ಅಲುಗುತ್ತಿತ್ತು. ಊರಿಗೆ ಊರೇ ಸೇರಿ ಕದ್ದಿರಬಹುದೇ ಎಂಬ ಅನುಮಾನ ಡಿಂಪ್ನಾಳಿಗೆ ಬಂತು. ಆ ಅನುಮಾನ ಫೋಲನ್‌ಗೆ ಮೊದಲ ದಿನವೇ ಬಂದಿತ್ತು.

ಗುರುವಾರ ಫೆಸ್ಟಸ್ ಮಲ್ಕೆರಿನ್‌ನನ್ನು ಭವನಕ್ಕೇ ಕರೆಸಿದರು. ಎಪ್ಪತ್ತಾರರ ಮುದುಕ, ಹಾರ್ಗ್ರೇವನನ್ನು ಕಣ್ಣಾರೆ ಕಂಡವರಲ್ಲಿ ಉಳಿದವನು ಅವನೊಬ್ಬನೇ.

"ಇದೇನಾ ಹಾರ್ಗ್ರೇವ್ ಬರೆದ ಚಿತ್ರ?"

"ಅದೇ. ಇನ್ಯಾವುದು?"

"ಈ ಹುಟ್ಟು ಹಾಕ್ತಾ ಇರೋರು ಯಾರು?"

"ಮುಖ ಸರಿಯಾಗಿ ಬಂದಿಲ್ಲ. ಮುಂದೆ ಇರೋನು ನಮ್ಮಣ್ಣ ಇರಬೇಕು."

"ಹಿಂದೆ ನಿಂತವನು? ಅವನ ಮುಖವೇ ಇಲ್ಲ, ಬರೀ ಬೆನ್ನು."

"ಟೈಗ್ ಕನೀಲಿ," ಎಂದುಬಿಟ್ಟ ಫೆಸ್ಟಸ್. "ಅವನಿಗೆ ಮುಖ ಯಾಕೆ? ಆ ಎಡಭುಜ ನೋಡು, ಹೇಗೆ ಇಳಿದಿದೆ. ದೋಣಿ ಹೊತ್ತು ಹೊತ್ತು ಹಾಗಾಗಿತ್ತು. ಸಾವಿರ ಜನರಲ್ಲಿ ನಿಂತರೂ ಹೇಳ್ತೀನಿ."

ಹೇಳಿದ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಹೊಳೆಯಿತು. ಕೈಲಿದ್ದ ಹೊಗೆಸೊಪ್ಪಿನ ಪೈಪನ್ನು ಜೇಬಿಗಿಟ್ಟುಕೊಂಡ.

ಡಿಂಪ್ನಾ ಫೋಟೊವನ್ನು ಅವನ ಮುಂದೆ ಹಿಡಿದಳು. "ತಾತ, ಅಸಲಿ ಚಿತ್ರದಲ್ಲಿ ಟೈಗ್ ಈ ಕಡೆಗೆ ಮುಖ ಮಾಡಿದ್ದಾನೆ. ದೋಣಿ ತಿರುಗಿಸಿದ ಮೇಲೆ ಬೆನ್ನು ಬರೀಬೇಕಾಯ್ತು. ಆ ಬೆನ್ನು ಅಸಲಿಯಲ್ಲಿ ಇಲ್ಲವೇ ಇಲ್ಲ. ಮತ್ತೆ ಯಾವುದನ್ನ ನೋಡಿ ಬರೆದ್ರು?"

ಮುದುಕ ಫೋಟೊವನ್ನು ಬದಿಗೆ ಸರಿಸಿದ.

"ಟೈಗ್ ಯಾವಾಗ ತೀರಿಕೊಂಡಿದ್ದು?" ಎಂದು ಫೋಲನ್ ಕೇಳಿದ.

"ಆ ವರ್ಷವೇ, ನವೆಂಬರಿನಲ್ಲಿ. ದೋಣಿ ಮುಳುಗ್ತು, ಚಿತ್ರದ ದೋಣೀಲಿ ಇರೋ ನಾಲ್ಕೂ ಜನ ಹೋದ್ರು. ನಮ್ಮಣ್ಣನೂ ಸೇರಿ."

"ಊರು ಏನಂತು?"

"ಏನಂತಾರೆ? ಟೈಗ್ ದೋಣೀನ ಎಡಕ್ಕೆ ತಿರುಗಿಸಿದ, ಮೂರು ಮನೆ ಹಾಳು ಮಾಡಿದ ಅಂದ್ರು. ಬೇಕಾದ್ರೆ ಗೋಡೆ ನೋಡಿ ಅಂದ್ರು."

"ನಿಜವಾಗಿ ತಿರುಗಿಸಿದ್ದನಾ?"

"ದೋಣಿ ನೂಕಿದ್ದೇ ನಾನು. ಬಲಕ್ಕೇ ಹೋಯ್ತು. ದಡದಲ್ಲಿ ಇದ್ದೋರೆಲ್ಲ ನೋಡಿದ್ರು."

"ಮತ್ತೆ ಅವನ ಮೇಲೆ ಯಾಕೆ ಹಾಕಿದ್ರಿ?"

"ಸಮುದ್ರಕ್ಕೆ ಬೈಯೋಕಾಗತ್ತಾ ಸಾರ್ಜೆಂಟ್ರೇ? ಮಾರನೇ ದಿನ ಮತ್ತೆ ಅದರ ಮೇಲೇ ಹೋಗಬೇಕಲ್ಲ." ಫೆಸ್ಟಸ್ ಎದ್ದ. "ಯಾರ ತಲೆ ಮೇಲಾದ್ರೂ ಇಳಿಸಬೇಕಿತ್ತು. ಚಿತ್ರ ಒಂದು ಇತ್ತು ನೋಡು, ಸುಲಭ ಆಯ್ತು. ಒಂದೆರಡು ವರ್ಷ ಆದ್ಮೇಲೆ ನಾವೂ ಅದನ್ನೇ ನಂಬಿದ್ವಿ."

ಇಷ್ಟು ದಿನದ ಮೌನದ ಅರ್ಥ ಫೋಲನ್‌ಗೆ ಆಗ ಆಯಿತು. ಚಿತ್ರ ಬದಲಾದದ್ದನ್ನು ಊರೆಲ್ಲ ಕಂಡಿತ್ತು. ಕಂಡೆವು ಎಂದರೆ, ಮೊದಲು ಅದರಲ್ಲಿ ಏನಿತ್ತು, ಅದನ್ನು ತೋರಿಸಿ ಯಾರಿಗೆ ಏನು ಮಾಡಿದ್ದೆವು ಎಂಬುದನ್ನೂ ಬಾಯಿಬಿಡಬೇಕಿತ್ತು. ಅವನಿಗೆ ಸಿಟ್ಟು ಬಂತು. ಆದರೆ ಅದಕ್ಕೆ ಯಾವ ಕಾನೂನಿನಲ್ಲೂ ಕಲಂ ಇರಲಿಲ್ಲ.

ಟೈಗ್‌ನಿಗೆ ಒಬ್ಬಳೇ ಮಗಳು, ಬಾರ್ಬ್ರ ಕನೀಲಿ. ಐವತ್ತೆಂಟರ ಹೆಂಗಸು, ಮದುವೆಯಾಗಿರಲಿಲ್ಲ. ದೋಣಿಗಳಿಗೆ ಹೆಸರು, ಅಂಗಡಿಗಳಿಗೆ ಫಲಕ, ಮಕ್ಕಳ ನಾಟಕಕ್ಕೆ ರಂಗದ ಪರದೆ ಬರೆಯುವುದು ಅವಳ ಕೆಲಸ. ಈಸ್ಟರ್ ನಾಟಕದ ಪರದೆಯನ್ನು ಎಲ್ಲಿ ಕುಳಿತು ಬರೆದಳು ಎಂದು ಕೋಲ್ಮನ್‌ನನ್ನು ಮತ್ತೆ ಕೇಳಿದಾಗ ಅವನು ಅಳುವುದೊಂದು ಬಾಕಿ.

"ರಂಗದ ಹಿಂದೆ. ನನ್ನ ಬಾಯಲ್ಲಿ ಹೇಳಿಸಿಬಿಟ್ರಲ್ಲ ಸಾರ್ಜೆಂಟ್ರೇ. ಸ್ಕೂಲಲ್ಲಿ ಅವಳ ಪಕ್ಕ ಯಾರೂ ಕೂರಬಾರದು ಅಂತ ಇತ್ತು. ನಾನೂ ಕೂರ್ತಿರಲಿಲ್ಲ."

ಶುಕ್ರವಾರ ಮಧ್ಯಾಹ್ನ ವಾರಂಟು ಹಿಡಿದು ಇಬ್ಬರೂ ಕಟ್ಟೆಯ ತುದಿಯ ಮನೆಗೆ ಹೋದರು. ಫೆಸ್ಟಸ್‌ನನ್ನೂ ಕೋಲ್ಮನ್‌ನನ್ನೂ ಸಾಕ್ಷಿಗಳಾಗಿ ಬರಹೇಳಿದ್ದರು. ಇಬ್ಬರೂ ಹೊಸ್ತಿಲಾಚೆಯೇ ನಿಂತರು. ಬಾರ್ಬ್ರ ಸೋಡಾ ಬ್ರೆಡ್ ಕೊಯ್ಯುತ್ತಿದ್ದಳು.

"ವಾರಂಟು ಇದೆಯಾ?"

"ಇದೆ."

"ಹಾಗಾದ್ರೆ ಚಹಾ ಕುಡಿದು ಹುಡುಕಿ. ಆರಿಹೋಗತ್ತೆ. ಅವರಿಬ್ಬರಿಗೂ ಒಳಗೆ ಬನ್ನಿ ಅನ್ನಿ. ಯಾರು ನೋಡಿದ್ರೂ ನಂಗೇನಿಲ್ಲ."

ಅವರಿಬ್ಬರೂ ಒಳಗೆ ಬಂದರು. ಹುಡುಕುವ ಕೆಲಸವೇ ಇರಲಿಲ್ಲ. ಚಿತ್ರ ಮಲಗುವ ಕೋಣೆಯಲ್ಲಿ, ಮಂಚದ ಎದುರಿನ ಗೋಡೆಯಲ್ಲಿತ್ತು. ಅದರ ಮೇಲೆ ಕಪ್ಪು ಶಾಲೊಂದನ್ನು ಹರಡಿ ಅಲ್ಲಲ್ಲಿ ಪಿನ್ನು ಚುಚ್ಚಿದ್ದರು. ಕಡಲು, ದ್ವೀಪ, ದೋಣಿ, ಮೂವರು ಹುಟ್ಟುಗಾರರು, ಕೆಂಪು ಲಂಗ, ಎಲ್ಲ ಶಾಲಿನಡಿ. ಒಬ್ಬ ಗಂಡಸಿನ ಮುಖ ಮಾತ್ರ ಹೊರಗಿತ್ತು. ಮೂವತ್ತೈದರ ಆಸುಪಾಸಿನ ಮುಖ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿತ್ತು, ಇನ್ನೇನು ನಗುವಂತಿತ್ತು.

"ನೀನೇ ತೆಗೆದಿದ್ದಾ?" ಎಂದು ಫೋಲನ್ ಕೇಳಿದ.

"ನಾನೇ. ಕೋಲ್ಮನ್‌ಗೆ ಗೊತ್ತಿರಲಿಲ್ಲ. ಬರಕೊಳ್ಳಿ ಅದನ್ನ."

"ಬರೆದೆ. ಯಾಕೆ?"

"ಊರಲ್ಲೇ ಇದ್ದಿದ್ರೆ ಸಹಿಸ್ತಿದ್ದೆ. ಐವತ್ತು ವರ್ಷ ಸಹಿಸಿಲ್ವಾ? ಡಬ್ಲಿನ್‌ಗೆ ಒಯ್ತೀವಿ, ದೊಡ್ಡದಾಗಿ ಅಚ್ಚು ಹಾಕಿಸ್ತೀವಿ ಅಂತ ಫೆಬ್ರವರಿಯಲ್ಲಿ ಪಾದ್ರಿ ಅವರ ಕಾಗದ ಓದಿ ಹೇಳಿದ್ರು. ಇನ್ನು ದೇಶವೆಲ್ಲ ನೋಡತ್ತೆ, ಕನೀಲಿ ದೋಣೀನ ಎಡಕ್ಕೆ ತಿರುಗಿಸಿದ ಅಂತ."

"ಡಬ್ಲಿನ್ನವರಿಗೆ ಎಡ ಯಾವುದು ಬಲ ಯಾವುದು ಅಂತ ಏನು ಗೊತ್ತು ಬಾರ್ಬ್ರ? ಅವರು ಬಣ್ಣ ನೋಡ್ತಾರೆ."

"ನಂಗೆ ಗೊತ್ತಲ್ಲ."

ಡಿಂಪ್ನಾ ಕೇಳಿದಳು, "ಇದರ ಮೇಲೇ ತಿದ್ದಬಹುದಿತ್ತಲ್ಲ? ಇನ್ನೊಂದು ಯಾಕೆ ಬರೆದ್ರಿ?"

"ತಿದ್ದೋಣ ಅಂತಲೇ ಶುರು ಮಾಡಿದ್ದು, ಹುಡುಗಿ. ಕುಂಚ ಕೈಲಿ ಹಿಡಿದಿದ್ದೆ. ದೋಣಿ ತಿರುಗಿಸಬೇಕು ಅಂದ್ರೆ ಅವನ ಮುಖ ಅಳಿಸಬೇಕು. ನಮ್ಮನೇಲಿ ಅವನದ್ದೊಂದು ಫೋಟೊ ಇಲ್ಲ. ಅವನು ಹೋದಾಗ ನಂಗೆ ಎಂಟು. ಅವನ ಬೆನ್ನು ಮಾತ್ರ ಚೆನ್ನಾಗಿ ನೆನಪಿದೆ. ಕಡಲಿಗೆ ಹೋಗೋನು ಅಲ್ವಾ, ದಿನಾ ಬಾಗಿಲಲ್ಲಿ ನಿಂತು ಅದನ್ನೇ ನೋಡ್ತಿದ್ದೆ. ಮುಖ ಬೇಕು ಅಂದ್ರೆ ಭವನಕ್ಕೆ ಹೋಗಬೇಕಿತ್ತು. ಅಲ್ಲಿ ಹೋಗಿ ಅದರ ಕೆಳಗೆ ನಿಂತ್ರೆ ಎಲ್ಲರೂ ನನ್ನೇ ನೋಡೋರು."

ಫೆಸ್ಟಸ್ ಟೋಪಿ ತೆಗೆದು ಗೋಡೆಯ ಮುಖವನ್ನು ನೋಡಿದ, ಆಮೇಲೆ ನೆಲ ನೋಡಿದ. "ಬಾರ್ಬ್ರ," ಎಂದ, "ಅವತ್ತು ದೋಣಿ..."

"ಗೊತ್ತು ನಂಗೆ," ಎಂದಳು ಅವಳು. "ನೀವು ನೂಕಿದ್ರಿ, ನಾನು ಬಾಗಿಲಲ್ಲಿ ಇದ್ದೆ. ಬಲಕ್ಕೇ ಹೋಯ್ತು. ಎಂಟು ವರ್ಷದವಳ ಮಾತು ಯಾರು ಕೇಳ್ತಾರೆ? ನೀವು ಇಪ್ಪತ್ತಾರರ ಗಂಡಸು. ನೀವು ಹೇಳಬಹುದಿತ್ತು."

ಮುದುಕ ಹೊಸ್ತಿಲಾಚೆ ಹೋಗಿ ನಿಂತ.

ಮಧ್ಯಾಹ್ನ ಮೂರಕ್ಕೆ ಬಾರ್ಬ್ರ ಕನೀಲಿಯನ್ನು ಬಂಧಿಸಲಾಯಿತು. ಅವಳು ಕೋಟು ಹಾಕಿಕೊಂಡು, ಒಲೆಯ ಬೆಂಕಿಗೆ ಬೂದಿ ಮುಚ್ಚಿ, ಒಂದೇ ಒಂದು ಕೇಳಿಕೆ ಇಟ್ಟಳು: ಠಾಣೆಗೆ ಒಯ್ಯುವಾಗ ಶಾಲು ತೆಗೆಯಬೇಡಿ.

ಫೋಲನ್ ಕುಳಿತು ಮಹಜರು ಬರೆದ. ಚಿತ್ರ ಒಂದು, ಅದಕ್ಕೆ ಪಿನ್ನು ಚುಚ್ಚಿದ ಕಪ್ಪು ಶಾಲು ಸಮೇತ, ಇದ್ದ ಸ್ಥಿತಿಯಲ್ಲೇ ವಶಕ್ಕೆ ಪಡೆಯಲಾಗಿದೆ. ಸಾಕ್ಷಿಗಳಿಬ್ಬರೂ ಸಹಿ ಹಾಕಿದರು.

"ಶಾಲು ಕದ್ದಿದ್ದಲ್ಲವಲ್ಲ ಸಾರ್," ಎಂದಳು ಡಿಂಪ್ನಾ ಮೆಲ್ಲಗೆ.

"ಇದ್ದದ್ದನ್ನ ಇದ್ದ ಹಾಗೇ ತಗೋಬೇಕು ಅನ್ನೋದು ನಿಯಮ. ತರಬೇತಿಯಲ್ಲಿ ಮಲಗಿದ್ಯಾ?"

ಕಟ್ಟೆಯಿಂದ ಠಾಣೆಗೆ ಕಾರು ಬೇಕಾಗುವಷ್ಟು ದೂರವಿಲ್ಲ. ಬೀದಿಯುದ್ದಕ್ಕೂ ಜನ ಬಾಗಿಲುಗಳಲ್ಲಿ ನಿಂತಿದ್ದರು. ಈ ಸಲ ಪರದೆಯ ಹಿಂದೆ ಯಾರೂ ಇರಲಿಲ್ಲ. ಡಿಂಪ್ನಾ ಚಿತ್ರವನ್ನು ಎತ್ತಿ ಹೆಗಲಿಗೆ ಆನಿಸಿಕೊಂಡು ಮುಂದೆ ನಡೆದಳು. ಬಣ್ಣದ ಮೈ ಹಿಂದಕ್ಕಿರುವಂತೆ ಹಿಡಿದಿದ್ದಳು. ಯಾರೂ ಹಾಗೆ ಹಿಡಿ ಎಂದು ಅವಳಿಗೆ ಹೇಳಿರಲಿಲ್ಲ. ಟೈಗ್ ಕನೀಲಿ ಮಗಳ ಕಡೆಗೇ ಮುಖ ಮಾಡಿಕೊಂಡು ಊರ ನಡುವೆ ಹೋದ. ಬಾರ್ಬ್ರ ಅಕ್ಕಪಕ್ಕ ಯಾರನ್ನೂ ನೋಡದೆ ಅವನ ಹಿಂದೆ ನಡೆದಳು.