ತೂಗದ ತಟ್ಟೆ

“ನನಗೆ ಬೇರೆ ತಟ್ಟೆ ಮಾಡಿಕೊಡಿ. ಗಿರಾಕಿದು ಕಿತ್ಕೊಳ್ಳಲ್ಲ.”

ತಕ್ಕಡಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಅವಳು ಹೇಳಿದ ಮೊದಲ ಮಾತು ಇದು. ಬಾಣಸಿಗ ಗಿರಾಕಿಗೆಂದು ಕೈಯಲ್ಲಿ ಹಿಡಿದಿದ್ದ ಸೀಗಡಿ ಪಾಸ್ತಾದ ತಟ್ಟೆಯನ್ನು ಕೆಳಗಿಡದೆ ಅವಳನ್ನೇ ನೋಡಿದ.

“ತಿನ್ನೋಕೆ ಬಂದ್ರಾ ಮೇಡಂ, ತೂಗೋಕಾ?”

“ತೂಗೋಕೆ.”

ಅವಳು ಆಹಾರತಜ್ಞೆ. ಊರೂರಿಗೂ ಶಾಖೆಯಿದ್ದ ಆ ಇಟಾಲಿಯನ್ ಹೋಟೆಲಿನವರು ಸೀಗಡಿ, ಮೀನು, ಏಡಿಯ ತಿನಿಸುಗಳ ಪ್ರೋಟೀನು, ಕೊಬ್ಬು, ಉಪ್ಪಿನ ಅಳತೆಯನ್ನು ಮೆನು ಕಾರ್ಡಿನಲ್ಲಿ ಹಾಕಿಸಲು ಅವಳನ್ನು ಗೊತ್ತುಮಾಡಿದ್ದರು. ಮೂರು ವಾರದ ಕೆಲಸ. ಅರ್ಧ ತಟ್ಟೆ ಪ್ರಯೋಗಾಲಯಕ್ಕೆ ಹೋಗುತ್ತಿತ್ತು. ಉಳಿದರ್ಧವನ್ನು ಎಸೆಯಲು ಮನಸ್ಸಾಗದೆ, ಮನೆಯಿಂದ ತಂದ ಉಪ್ಪಿಲ್ಲದ ತರಕಾರಿಯ ಜೊತೆ ತಾನೇ ತಿನ್ನುತ್ತಿದ್ದಳು. ಅಪ್ಪನಿಗೆ ಬಿಪಿ, ಮನೆಯಲ್ಲಿ ಇಬ್ಬರಿಗೂ ಒಂದೇ ಅಡುಗೆ.

ಒಂದು ದಿನ ಬಾಣಸಿಗ ಅವಳ ಡಬ್ಬಿಯಿಂದ ಒಂದು ಹೋಳು ಎತ್ತಿ ಬಾಯಿಗೆ ಹಾಕಿಕೊಂಡ. ಮರುದಿನದಿಂದ ಕಿಟಕಿಯ ಬಳಿ ಅವಳಿಗೊಂದು ಕುರ್ಚಿ ಕಾದಿರುತ್ತಿತ್ತು.

ಇದಕ್ಕೆ ಬೇರೆ ಅರ್ಥ ಕಟ್ಟಬಾರದು... ಎಂದುಕೊಂಡಳು. ಕಟ್ಟಿದಳು.

ಕಾರ್ಡು ಅಚ್ಚಾಯಿತು. ಸೀಗಡಿ ಪಾಸ್ತಾದಲ್ಲಿ ಉಪ್ಪು ಒಂದೂವರೆ ಗ್ರಾಂ. ಆ ಅಂಕಿಯನ್ನು ನಂಬಿ ಭಾನುವಾರ ಅಪ್ಪನನ್ನು ಅಲ್ಲಿಗೇ ಊಟಕ್ಕೆ ಕರೆತಂದಳು. ಎರಡನೆಯ ತುತ್ತಿಗೆ ಅಪ್ಪ ಚಮಚ ಕೆಳಗಿಟ್ಟರು.

“ಪುಟ್ಟಿ, ಇದು ನೀನೇ ಅಳೆದದ್ದಾ?”

ಸೋಮವಾರ ಗಿರಾಕಿಯ ತಟ್ಟೆಯನ್ನೇ ಪರೀಕ್ಷೆಗೆ ಕಳಿಸಿದಳು. ನಾಲ್ಕು ಗ್ರಾಂ.

ಕಾರ್ಡು ಚೆನ್ನಾಗಿ ಕಾಣಲಿ ಅಂತ ನನ್ನನ್ನು ಮಂಗ ಮಾಡಿದ... ಆ ಕುರ್ಚಿಯೂ ಅದಕ್ಕೇ ಇರಬೇಕು. ತನ್ನ ಹೆಸರು ಕೆಡುವುದು ಇರಲಿ, ಅಪ್ಪನಂಥವರು ಎಷ್ಟು ಜನ ಆ ಅಂಕಿ ನಂಬಿ ತಿಂದರೋ ಎಂಬುದು ಅವಳನ್ನು ಕಾಡಿತು.

ವರದಿಯನ್ನು ಅವನ ಮುಂದಿಟ್ಟಳು. ಅವನು ಓದಿ ಒಲೆ ಆರಿಸಿದ.

“ನಿಮ್ಮ ತಟ್ಟೆಗೆ ಉಪ್ಪು ಕಮ್ಮಿ ಹಾಕ್ತಿದ್ದೆ. ನಿಮ್ಮ ಡಬ್ಬೀಲಿ ಉಪ್ಪೇ ಇರ್ಲಿಲ್ಲ, ಉಳಿದದ್ದು ನೀವೇ ತಿಂತೀರಲ್ಲ ಅಂತ.”

“ಅದು ಪರೀಕ್ಷೆ ತಟ್ಟೆ.”

“ನನ್ನ ಕಣ್ಣಿಗೆ ಅದು ನಿಮ್ಮ ಊಟ.”

“ಆ ಅಂಕಿ ನಂಬಿ ಬಿಪಿ ಇರೋ ನಮ್ಮಪ್ಪ ಇಲ್ಲಿ ತಿಂದ್ರು,” ಎಂದಳು. ಅವನು ಪೆನ್ನು ಕೇಳಿ, ತಪ್ಪು ತನ್ನದೆಂದು ವರದಿಯ ಹಿಂದೆ ಬರೆದು ಸಹಿ ಹಾಕಿದ. ಅದರ ಕೆಳಗೆ ಅವಳು, ಬೇರೆ ತಟ್ಟೆ ಕೇಳಿದ್ದೇ ಮೊದಲ ತಪ್ಪು, ಅದು ತನ್ನದು ಎಂದು ಸೇರಿಸಿದಳು.

ಹಳೆಯ ಕಾರ್ಡುಗಳೆಲ್ಲ ವಾಪಸಾದವು. ಅವಳಿಗೆ ಸಿಗಬೇಕಿದ್ದ ಉಳಿದ ಶಾಖೆಗಳ ಕೆಲಸ ಬೇರೆಯವರ ಪಾಲಾಯಿತು. ಹೊಸ ಕಾರ್ಡು ಬಂದ ದಿನ ಅವಳು ತಕ್ಕಡಿ ಒಯ್ಯಲು ಬಂದಾಗ ಕಿಟಕಿಯ ಬಳಿ ಮೂರು ಕುರ್ಚಿಗಳಿದ್ದವು.

“ಅಪ್ಪಾವ್ರನ್ನ ಕರೀರಿ. ಉಪ್ಪು ಕಮ್ಮಿ ಹಾಕಿ ಮಾಡಿದ್ದೀನಿ. ಬೇಕಾದ್ರೆ ತೂಗಿ.”

“ಇದನ್ನ ತೂಗಲ್ಲ,” ಎಂದಳು. “ಮೂರನೇ ಕುರ್ಚಿ ಯಾರಿಗೆ?”

“ನನಗೆ. ಇವತ್ತಿಗೆ ಮಾತ್ರ ಅಲ್ಲ... ನೀವು ಒಪ್ಪಿದ್ರೆ.”

ಅವಳು ತಕ್ಕಡಿಯನ್ನು ಚೀಲಕ್ಕೆ ಹಾಕಿ ಅಪ್ಪನಿಗೆ ಫೋನು ಮಾಡಿದಳು.

“ಅಪ್ಪಾ, ಬೇಗ ಬಾ. ಇಬ್ಬರೂ ನಿನಗೇ ಕಾಯ್ತಿದ್ದೀವಿ.”